ಮುಟ್ಟದೆ ಬಿಟ್ಟ ನೀರು

ತರೀಕೆರೆ
೯–೩–೧೯೮೪

ಪ್ರೀತಿಯ ಶಾರದೂ,

ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನವರು ಅನ್ನವನ್ನು ಇನ್ನೂ ಕಲ್ಲಿನ ಜೊತೆಗೇ ಬೇಯಿಸುತ್ತಿದ್ದಾರೋ? ರಾಮಸ್ವಾಮಿ ಮಾವನ ಕೈಲಿ ಕಷಾಯದ ಪುಡಿ ಕಳಿಸಿದ್ದೇನೆ. ಗೆಳತಿಯರಿಗೆಲ್ಲ ಹಂಚಿ ದಾನಶೂರ ಕರ್ಣ ಆಗಬೇಡ, ಮೊದಲು ನೀನು ಕುಡಿ. ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು, ಮೂಗಿನ ತುದಿಯ ಸಿಟ್ಟು ಎರಡೂ ಇದ್ದ ಹಾಗೇ ಇವೆ.

ಬಿಸಿಲು ಏರುತ್ತಿದೆ. ಹೋಟೆಲಿನ ಒಲೆಯ ಮುಂದೆ ನಿಂತಾಗಲೆಲ್ಲ ಎರಡು ವರ್ಷದ ಹಿಂದಿನ ಬೇಸಿಗೆ ನೆನಪಾಗುತ್ತದೆ. ಬಿ.ಎ. ಪರೀಕ್ಷೆ ಮುಗಿಸಿಕೊಂಡು ಬಂದ ನೀನು, ಮಾವ ಕೊಟ್ಟ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು ಬಸ್ ಸ್ಟ್ಯಾಂಡೆಲ್ಲ ಸುತ್ತುತ್ತಿದ್ದೆ. ರೋಲು ಮುಗಿದೀತೆಂದು ಒತ್ತುವ ಮುಂಚೆ ತುಟಿ ಕಚ್ಚಿ ಯೋಚಿಸುತ್ತಿದ್ದೆಯಲ್ಲ, ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಸಂತೆಯ ದಿನ ಅಜ್ಜಂಪುರದ ಕಡೆಯಿಂದ ಈರುಳ್ಳಿ ಮಾರಲು ಬಂದ ತಿಪ್ಪಮ್ಮ ಮತ್ತು ಅವಳ ಜೊತೆಯ ಹೆಂಗಸರು ನಮ್ಮಲ್ಲಿ ಇಡ್ಲಿ ತಿಂದರು. ಬೆವರು ಸುರಿಯುತ್ತಿದ್ದರೂ ಒಬ್ಬರೂ ನೀರು ಮುಟ್ಟಲಿಲ್ಲ. ನೀನು ಯಾಕೆಂದು ಕೇಳಿದ್ದಕ್ಕೆ ತಿಪ್ಪಮ್ಮ, "ಕುಡ್ದು ಎಲ್ಲಿಗೆ ಹೋಗ್ಲವ್ವಾ? ಗಂಡಸ್ರಿಗಾದ್ರೆ ಗೋಡೆ ಐತೆ, ನಮ್ಗೇನೈತೆ? ಊರು ಸೇರಿ ಕತ್ತಲಾಗೋಗಂಟ ತಡ್ಕಬೇಕು" ಎಂದಳು. ಅವರನ್ನು ನಾನು ನಮ್ಮ ಹಿತ್ತಲಿಗೆ ಕರೆದುಕೊಂಡು ಹೋದೆ. ಆದರೆ ಸಂತೆಗೆ ಬಂದ ಹೆಂಗಸರೆಲ್ಲ ನಮ್ಮ ಹಿತ್ತಲಲ್ಲಿ ಹಿಡಿಸುತ್ತಾರೆಯೇ?

ಆವತ್ತು ನೀನು ತೆಗೆದ ಫೋಟೋ ಎಷ್ಟು ಚೆನ್ನಾಗಿ ಬಂದಿತ್ತು! ಈ ಕಡೆಯ ಬೆಂಚಿನಲ್ಲಿ ಗಂಡಸರು, ಅವರ ಮುಂದೆ ಖಾಲಿ ಲೋಟ. ಆ ಕಡೆ ಹೆಂಗಸರು, ಅವರ ಮುಂದೆ ನೀರು ತುಂಬಿದ ಗಾಜಿನ ಲೋಟ. ನಾನು ಬೇಳೆ ಆರಿಸುತ್ತ ಕೂತಿದ್ದರೆ ನೀನು ಅದರ ಜೊತೆ ಪತ್ರಿಕೆಗೆಂದು ಬರೆದದ್ದನ್ನು ಓದಿ ಹೇಳುತ್ತಿದ್ದೆ. ಶೌಚಾಲಯ ಅಂದರೆ ಯಾರಿಗೆ ಅರ್ಥವಾಗುತ್ತದೆ, ಕಕ್ಕಸು ಅಂತಲೇ ಬರಿ ಎಂದು ನಾನೇ ಹೇಳಿದೆ. ಪತ್ರಿಕೆಯವರಿಗೆ ಅದೇ ನಾಚಿಕೆಯಾಯಿತೋ ಏನೋ, ಬರಹವನ್ನು ಪೂರಾ ಬಿಟ್ಟು, 'ಬೇಸಿಗೆಯ ಒಂದು ನೋಟ' ಎಂದು ಬರೀ ಫೋಟೋ ಹಾಕಿದರು. ಗಲ್ಲಾದಲ್ಲಿ ಹಲ್ಲು ಕಿರಿದುಕೊಂಡು ಕೂತ ನಿಮ್ಮಪ್ಪ ಅದರಲ್ಲಿ ಸ್ಪಷ್ಟವಾಗಿ ಬಿದ್ದಿದ್ದರು. ಊರಿನವರು ಗುಂಡಣ್ಣನ ಹೋಟೆಲಿನ ನೀರು ಕೆಟ್ಟಿದೆ, ಅದಕ್ಕೇ ಹೆಂಗಸರು ಮುಟ್ಟಿಲ್ಲ ಎಂದುಕೊಂಡರು. ದಿನಾ ಬರುವ ಗಿರಾಕಿಗಳೂ ಎದುರಿನ ಹೋಟೆಲಿಗೆ ಹೋದರು. "ನನ್ನ ಹೋಟ್ಲು ನೀರೇನು ಚರಂಡಿ ನೀರೇನೇ? ಊರ ಮುಂದೆ ಮಾನ ಹರಾಜು ಹಾಕ್ಬಿಟ್ಟಲ್ಲೇ!" ಎಂದು ಕೂಗಾಡಿದವರು ಆಮೇಲೆ ನಿನ್ನ ಜೊತೆ ಮಾತನ್ನೇ ಬಿಟ್ಟರು. ಎಂ.ಎ. ಓದಲು ನೀನು ಮೈಸೂರಿನ ಬಸ್ಸು ಹತ್ತಿದಾಗ ಗಲ್ಲಾದಿಂದ ಏಳಲೂ ಇಲ್ಲ. ರಜೆಗೆ ಬಂದರೂ ಅಪ್ಪ ಮಗಳು ನನ್ನ ಮೂಲಕವೇ ಉಪ್ಪು, ಮಜ್ಜಿಗೆ ಕೇಳಿದಿರಿ. ಹೋದ ದಸರಾಕ್ಕೆ ನೀನು ಬರಲೇ ಇಲ್ಲ. ನನಗೆ ಸಂಕಟವಾಗುತ್ತದೆ ಮಗಳೇ. ನಿನ್ನ ಕಾಗದ ಬಂದರೆ ಅವರು ಒಡೆಯುವುದಿಲ್ಲ, ಆದರೆ ನಾನು ಓದುವಾಗ ಪಕ್ಕದಲ್ಲೇ ಏನೋ ಒರೆಸುತ್ತ ನಿಂತಿರುತ್ತಾರೆ.

ನೀನು ಹೋದ ಮೇಲೆ ಅದೇ ಪತ್ರಿಕೆಗೆ ನಾನೊಂದು ಕಾರ್ಡು ಬರೆದಿದ್ದೆನಲ್ಲ: "ನಮ್ಮ ಹೋಟೆಲಿನ ನೀರು ಚೆನ್ನಾಗಿದೆ. ಕುಡಿದ ಮೇಲೆ ಹೋಗಲು ಈ ಊರಿನಲ್ಲಿ ಹೆಂಗಸರಿಗೆ ಕಕ್ಕಸಿಲ್ಲ. ಚಿತ್ರದ ಅರ್ಥ ಇಷ್ಟೇ." ಅದು ಅಚ್ಚಾಯಿತು. ಮಹಿಳಾ ಸಮಾಜದ ದಾಕ್ಷಾಯಣಮ್ಮ ಪುರಸಭೆಗೆ ಮತ್ತೆ ಮತ್ತೆ ಅರ್ಜಿ ಬರೆದರು, ಪ್ರತಿ ಅರ್ಜಿಗೂ ನಿನ್ನ ಫೋಟೋ ಲಗತ್ತಿಸಿದರು. ಈಗ ಸುದ್ದಿ ಕೇಳು: ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಹೆಂಗಸರಿಗೆಂದು ಕಟ್ಟಡ ಎದ್ದಿದೆ! ಹೋದ ವಾರ ಉದ್ಘಾಟನೆ. ಟೇಪು ಕತ್ತರಿಸಿದವರು, ಭಾಷಣ ಮಾಡಿದವರು ಎಲ್ಲರೂ ನಮ್ಮಲ್ಲೇ ಕೇಸರಿಬಾತು ತಿಂದರು. ನಿನ್ನ ಹೆಸರನ್ನು ಯಾರೂ ಎತ್ತಲಿಲ್ಲ. ನಾನು ಒಳಗೆ ಹೋಗಿ ಸ್ವಲ್ಪ ಅತ್ತೆ, ಖುಷಿಗೋ ಬೇಜಾರಿಗೋ ಗೊತ್ತಿಲ್ಲ.

ಬಿಸಿಲಲ್ಲಿ ತಿರುಗಬೇಡ, ಹೊಟ್ಟೆ ತುಂಬ ಊಟ ಮಾಡು. ನೂರು ಕಾಲ ಸುಖವಾಗಿ ಬಾಳು.

ನಿನ್ನ ಅಮ್ಮ,
ಸೀತಾದೇವಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಇದಾಯಿತು. ಇವತ್ತು ಸಂತೆ. ತಿಪ್ಪಮ್ಮ ಹೊಸ ಕಟ್ಟಡಕ್ಕೆ ಹೋದರೆ ಬಾಗಿಲಿಗೆ ಬೀಗ. ಕೇಳಿದ್ದಕ್ಕೆ ಅಲ್ಲಿದ್ದವನು, "ಹಳ್ಳಿ ಹೆಂಗಸ್ರು ಗಲೀಜು ಮಾಡ್ತಾರೆ ಕಣಮ್ಮಾ, ದೊಡ್ಡೋರು ಯಾರಾದ್ರೂ ಬಂದಾಗ ತೆಗೀತೀವಿ" ಎಂದನಂತೆ. ಅವಳು ಇವತ್ತೂ ನೀರು ಬಿಟ್ಟು ಎದ್ದಳು. ನಿಮ್ಮಪ್ಪ ತುಂಬಿದ ಆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಬಂದು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ಶಾರದಂಗೆ ಬರಿ. ಕ್ಯಾಮೆರಾ ತಗೊಂಡು ಮುಂದಿನ್ ಸಂತೆಗೆ ಬರ್ಲಿ. ಈ ಸಲ ನಮ್ಮ ಹೋಟ್ಲು ಬೋರ್ಡೂ ಕಾಣೋ ಹಂಗೆ ತೆಗೀಬೇಕು ಅನ್ನು."