ಚಪ್ಪಟೆ ಉಂಡಿ

ಭಾನುವಾರ, ೨೮ ಸೆಪ್ಟೆಂಬರ್ ೨೦೨೫
ನಮ್ಮೂರ ಶಾಲೆಯ ಪಡಸಾಲೆ, ಗಡಹಿಂಗ್ಲಜ ತಾಲೂಕು

ದಕ್ಷಿಣ ಸುಡಾನದಲ್ಲಿರುವ ನಮ್ಮ ಮನೆಯ ಯಜಮಾನರಿಗೆ ಉಜ್ವಲಾಳ ನಮಸ್ಕಾರ.

ಮೊದಲು ಕ್ಷೇಮ ಎಂದು ಬರೆಯಬೇಕು. ಬರೆದಿದ್ದೇನೆ ಎಂದು ತಿಳಿದುಕೊಳ್ಳಿ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಅನ್ನುತ್ತೀರಿ. ತವರಿಗೆ ಹೋದಾಗಿನಿಂದ ನಾನು ನಿಮ್ಮ ಫೋನು ಎತ್ತಿಲ್ಲ, ಅದು ನಿಮಗೂ ಗೊತ್ತು, ಊರಿಗೂ ಗೊತ್ತು. ಎತ್ತಿದರೂ ಏನು ಪ್ರಯೋಜನ? ಮಾತು ಸ್ವಲ್ಪ ಬಿಸಿಯಾದ ಕೂಡಲೇ ನಿಮ್ಮ ಕಡೆ ರೇಂಜು ಹೋಗಿಬಿಡುತ್ತದೆ. ಕಾಗದಕ್ಕೆ ಆ ಸೌಲಭ್ಯವಿಲ್ಲ. ನಾನು ಕನ್ನಡ ಶಾಲೆಯಲ್ಲಿ ಕಲಿತವಳು, ಸಿಟ್ಟನ್ನು ಮರಾಠಿಯಲ್ಲಿ ಬರೆಯಲು ನನಗೆ ಬರುವುದಿಲ್ಲ. ನೀವು ಮರಾಠಿ ಶಾಲೆಯವರು, ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದಿ.

ಈ ವರ್ಷವೂ ಊರವರು ಸೈನ್ಯದಲ್ಲಿರುವ ನಮ್ಮೂರವರಿಗೆ ದೀಪಾವಳಿ ಡಬ್ಬಿ ಕಳಿಸುತ್ತಿದ್ದಾರೆ. ಮೊದಲು ಕಾಶ್ಮೀರಕ್ಕೆ ಹೋಗುತ್ತಿದ್ದ ಡಬ್ಬಿ, ನೀವು ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋದದ್ದರಿಂದ, ಈ ಸಲ ಸಮುದ್ರ ದಾಟಬೇಕಾಗಿದೆ, ಅದಕ್ಕೇ ನವರಾತ್ರಿಯಲ್ಲೇ ಇಷ್ಟು ಗಡಿಬಿಡಿ. ಎಂದಿನಂತೆ ಒಂದೊಂದು ಮನೆಗೆ ಒಂದೊಂದು ತಿನಿಸು. ಪಕ್ಕದ ಮನೆಯ ಹಣಮವ್ವ ಕಾಕು ಚಕ್ಲಿ ಮಾಡಿದ್ದಾರೆ. ಕಿರಾಣಿ ಅಂಗಡಿ ಮಹಾವೀರಣ್ಣನ ಹೆಂಡತಿ ಕಾಂಚನ ವೈನಿ ಶಂಕರಪಾಳಿ ಮಾಡಿದ್ದಾರೆ. ನಮ್ಮ ಮನೆಯದು ಯಾವಾಗಲೂ ಬೇಸನ್ ಉಂಡಿ. ಉಪವಾಸದ ದಿನಗಳಲ್ಲಿ ಊರ ಹೆಂಗಸರೆಲ್ಲ ಬರೀ ಶೇಂಗಾ, ಬಾಳೆಹಣ್ಣು ತಿಂದುಕೊಂಡು ಒಲೆಯ ಮುಂದೆ ಕುಳಿತು ನಿಮಗಾಗಿ ಕರಿದಿದ್ದೇವೆ. ಮೂಗಿಗೆ ತುಪ್ಪದ ವಾಸನೆ, ಬಾಯಿಗೆ ಏನೂ ಇಲ್ಲ. ನನ್ನ ಸೊಂಟ ಬಿದ್ದುಹೋಗಿದೆ. ದೇಶಕ್ಕೆ ನೀವು ಮಾಡುವ ಸೇವೆಗೆ ಪದಕ ಕೊಡುತ್ತಾರೆ, ಈ ಸೇವೆಗೆ ಅಮೃತಾಂಜನ.

ನಾನು ಹೇಗೆ ಇಲ್ಲಿ ಎಂದು ಕೇಳಬೇಡಿ. ಕಬನೂರಿನ ತವರುಮನೆಯಿಂದ ಬಂದಿದ್ದೇನೆ. ಅಲ್ಲಿ ಪವರ್‌ಲೂಮಿನಲ್ಲಿ ಬಟ್ಟೆ ಮಡಚುವ ಕೆಲಸ ಹಿಡಿದಿದ್ದೆನಲ್ಲ, ಡಬ್ಬಿಗಳಿಗೆ ಹೊಲಿಯಲು ಕೋರಾ ಬಟ್ಟೆ ಅಲ್ಲಿಂದಲೇ ತರಿಸಿದೆ. ಇಷ್ಟು ಮಾತ್ರ ತಿಳಿದುಕೊಳ್ಳಿ, ಸಾಕು.

ಅತ್ತೆ ಚೆನ್ನಾಗಿದ್ದಾರೆ. ಶಾಲೆಯ ಪಡಸಾಲೆಯಲ್ಲಿ ಮಣೆ ಹಾಕಿಸಿಕೊಂಡು ಕುಳಿತು ಎಲ್ಲರಿಗೂ ಹುಕುಂ ಕೊಡುತ್ತಿದ್ದಾರೆ. ಹಿಟ್ಟು ಹುರಿದದ್ದು ಸಾಲದು, ಸಕ್ಕರೆ ಹೆಚ್ಚಾಯಿತು, ಏಲಕ್ಕಿ ಯಾರ ಮನೆಯ ಪೆಟ್ಟಿಗೆಯಲ್ಲಿ ಅಡಗಿತು, ಹೀಗೆ. ವಿಡಿಯೋ ಕಾಲಿನಲ್ಲಿ ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಾರೆಂದು ನೀವು ನಕ್ಕಿರಂತೆ, "ಯವ್ವಾ, ಮಗನ ಮುಂದ ಎಂಥಾ ನಾಚಿಕಿ?" ಎಂದಿರಂತೆ. ಅವರೇ ಹೇಳಿದರು. ಜೋತಿಬಾ ಮೈದುನ ಕುರಿಗಳನ್ನು ಹೊಡೆದುಕೊಂಡು ಕೋವಾಡದ ಕಡೆ ಮೇಯಿಸಲು ಹೋಗಿದ್ದಾನೆ, ದೀಪಾವಳಿಗೆ ತಿರುಗಿ ಬರುತ್ತಾನೆ.

ನಿಮ್ಮ ಡಬ್ಬಿಯ ಗುರುತು ನಿಮಗೆ ಗೊತ್ತೇ ಇದೆ. ಮಹಾವೀರಣ್ಣ ಎಷ್ಟೇ ಚೆಂದಾಗಿ ಹೆಸರು, ನಂಬರು ಅಚ್ಚು ಹಾಕಿಸಿ ತಂದು ಅಂಟಿಸಲಿ, ಅತ್ತೆಗೆ ಅದರ ಮೇಲೆ ನಂಬಿಕೆ ಇಲ್ಲ. ನಮ್ಮ ಕುರಿಗಳ ಬೆನ್ನಿಗೆ ಹಾಕುವ ಕೆಂಪು ಗುರುತನ್ನೇ ಡಬ್ಬಿಗೂ ಹಾಕುತ್ತಾರೆ. ಅಷ್ಟು ಮಂದಿ ಹೆಂಗಸರು ನಕ್ಕರೂ ಬಿಡಲಿಲ್ಲ. ಈ ಸಲ ಗುರುತು ಸ್ವಲ್ಪ ಸೊಟ್ಟಗಾಗಿದೆ, ನೀವು ನಗಬೇಡಿ.

ಈಗ ಆರತಿಯ ಮಾತಿಗೆ ಬರುತ್ತೇನೆ. ದೀಪಾವಳಿ ಪಾಡ್ಯದ ದಿನ ಹೆಂಡತಿ ಗಂಡನಿಗೆ ಆರತಿ ಬೆಳಗಬೇಕು, ಅವನು ತಟ್ಟೆಗೆ ಏನಾದರೂ ಹಾಕಬೇಕು. ಗಂಡ ಗಡಿಯಲ್ಲಿದ್ದರೆ ನಮ್ಮೂರಲ್ಲಿ, ಕಳಿಸುವ ದಿನವೇ, ಡಬ್ಬಿಯನ್ನೇ ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ ಬೆಳಗುತ್ತಾರೆ. ತಟ್ಟೆಗೆ ಬೀಳಬೇಕಾದದ್ದು ಅವನು ಬರುವ ತನಕ ಬಾಕಿ ಇರುತ್ತದೆ. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಅತ್ತೆಗೆ ಮೊದಲೇ ಹೇಳಿಬಿಟ್ಟಿದ್ದೆ: ಎಷ್ಟು ಬೇಕಾದರೂ ಉಂಡಿ ಕಟ್ಟುತ್ತೇನೆ, ಆರತಿ ಮಾತ್ರ ಮಾಡುವುದಿಲ್ಲ.

ಯಾಕೆ ಮಾಡುವುದಿಲ್ಲ ಎಂದು ಇನ್ನೊಮ್ಮೆ ಬರೆಯಬೇಕೇ? ಹೋದ ವರ್ಷ ನೀವು ನನ್ನ ಕಣ್ಣಲ್ಲಿ ಕಣ್ಣಿಟ್ಟು, ಆರ್ಡರು ಬಂದಿದೆ, ನಾನೇನು ಮಾಡಲಿ ಎಂದಿರಿ. ನಾನು ಅತ್ತು ನಿಮ್ಮ ಬ್ಯಾಗು ತುಂಬಿದೆ. ಆಮೇಲೆ ಹಣಮವ್ವ ಕಾಕುವಿನ ಮಗ ಅಪ್ಪಣ್ಣ ಅಲ್ಲಿಂದ ಫೋನು ಮಾಡಿ, ಸುಡಾನಕ್ಕೆ ಯಾರು ಹೋಗುತ್ತೀರಿ ಎಂದು ಸಾಹೇಬರು ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವರು ನೀವೇ, 'ನಮ್ಮ ಕಾಡಸಿದ್ದಣ್ಣ', ಎಂದು ಹೆಮ್ಮೆಯಿಂದ ಹೇಳಿದ. ಕಾಕು ಅಷ್ಟೇ ಹೆಮ್ಮೆಯಿಂದ ನನಗೆ ಬಂದು ಹೇಳಿದರು. ನೀವು ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಸುಳ್ಳು ಹೇಳಿ ಹೋದಿರಲ್ಲ, ಅದು ನನಗೆ ಭಾಳ ನೋವಾಯಿತು. ಅದಕ್ಕೇ ಮನೆಯ ಕೀಲಿ ಅತ್ತೆಯ ಕೈಗೆ ಕೊಟ್ಟು ಕಬನೂರಿನ ಬಸ್ಸು ಹತ್ತಿದೆ.

ಇವತ್ತು ಏನಾಯಿತೆಂದರೆ, ಎಲ್ಲ ಡಬ್ಬಿಗೂ ಬಟ್ಟೆ ಹೊಲಿದು ಸಾಲಾಗಿ ಇಟ್ಟಿದ್ದರು. ಕಾಂಚನ ವೈನಿ ಜೈನರು, ಹೊತ್ತು ಮುಳುಗುವ ಮೊದಲು ಊಟ ಮಾಡುವವರು, ಬೇಗ ಮುಗಿಸಿರವ್ವಾ ಎಂದು ಅವಸರ ಮಾಡುತ್ತಿದ್ದರು. ಯಾರೋ ನನ್ನ ಕೈಗೆ ತಟ್ಟೆ ಕೊಟ್ಟರು. ದಣಿದ ಕೈಗೆ ಬುದ್ಧಿ ಎಲ್ಲಿಯದು? ಮಣೆಯ ಮೇಲೆ ಡಬ್ಬಿ ಕಂಡಿತು, ಕುಂಕುಮ ಹಚ್ಚಿದೆ, ಅಕ್ಷತೆ ಹಾಕಿದೆ, ಕಣ್ಣು ಮುಚ್ಚಿ ಬೆಳಗಿಯೇಬಿಟ್ಟೆ. ಕಣ್ಣು ತೆರೆದರೆ ಎಲ್ಲರೂ ಬಾಯಿಗೆ ಸೆರಗು ಹಿಡಿದಿದ್ದಾರೆ. ಹಣಮವ್ವ ಕಾಕು, "ಏ ಉಜ್ವಲಾ, ನಮ್ಮ ಅಪ್ಪಣ್ಣಂದು ಇನ್ನಾ ಲಗ್ನ ಆಗಿಲ್ಲ, ನೀ ಯಾಕ ಅವಗ ಪಾಡ್ಯದ ಆರತಿ ಮಾಡಾಕತ್ತಿ?" ಎಂದರು. ಅದು ಅಪ್ಪಣ್ಣನ ಡಬ್ಬಿ!

ಪಡಸಾಲೆ ಎಲ್ಲ ನಗು. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುನಗುತ್ತಲೇ ಅಳು ಬಂತು. ಯಾಕೆಂದರೆ ಕಣ್ಣು ಮುಚ್ಚಿದಾಗ ನನಗೆ ಕಂಡದ್ದು ಅಪ್ಪಣ್ಣನ ಮುಖವಲ್ಲ. ಅದನ್ನು ಬಚ್ಚಿಟ್ಟು ಏನು ಮಾಡಲಿ? ನಿಮ್ಮ ನೆನಪು ನನಗೆ ಆಗುತ್ತದೆ, ಸಿಟ್ಟಿನ ಜೊತೆಗೇ ಆಗುತ್ತದೆ, ಎರಡನ್ನೂ ಹೊತ್ತು ನನಗೆ ಸಾಕಾಗಿದೆ.

ಕಾಕು ನಿಮ್ಮ ಡಬ್ಬಿಯನ್ನು ಮಣೆಯ ಮೇಲೆ ತಂದಿಟ್ಟರು. ನಾನು ತಟ್ಟೆ ಕೆಳಗಿಟ್ಟೆ. ಆದ್ದರಿಂದ ಎಲ್ಲ ಡಬ್ಬಿಗಳಲ್ಲಿ ನಿಮ್ಮದೊಂದೇ ಆರತಿ ಇಲ್ಲದೆ ಬರುತ್ತಿದೆ. ಕುಂಕುಮವಿಲ್ಲವೆಂದು ಹುಡುಕಬೇಡಿ. ಅಪ್ಪಣ್ಣನ ಡಬ್ಬಿಯ ಮೇಲಿರುವುದು ನಿಮ್ಮ ಪಾಲಿನದು, ಅವನಿಗೆ ಹೇಳಿ ನಗಿಸಿ.

ಇನ್ನೆರಡು ತಿಂಗಳಿಗೆ ಅಲ್ಲಿನ ನಿಮ್ಮ ಪಾಳಿ ಮುಗಿಯುತ್ತದೆ. ಆಮೇಲೆ ಪೆನ್ಶನ್ ತೆಗೆದುಕೊಂಡು ಮನೆಗೆ ಬರಬಹುದು, ಇಲ್ಲವೇ ಇನ್ನೆರಡು ವರ್ಷ ಇರುತ್ತೇನೆಂದು ಸಹಿ ಮಾಡಬಹುದು. ಅಪ್ಪಣ್ಣ ಹೇಳಿದ್ದಾನೆ, ಆ ಕಾಗದ ನಿಮ್ಮ ಕೈಗೆ ಬಂದಿದೆಯಂತೆ. ಅದಕ್ಕೆ ಯಾವ ಆರ್ಡರೂ ಇಲ್ಲ, ಅದು ನಿಮ್ಮದೇ ಕೈ. ನೀವು ಬಂದ ದಿನವೇ ನನಗೆ ಪಾಡ್ಯ. ಮಣೆ ಹಾಕುತ್ತೇನೆ, ಬೆಳಗುತ್ತೇನೆ. ತಟ್ಟೆಗೆ ಸೀರೆ ಬೇಡ, ಬಂಗಾರ ಬೇಡ, ಸಹಿ ಮಾಡದ ಆ ಕಾಗದ ಹಾಕಿ. ಸಹಿ ಮಾಡಿದರೆ ಮಾತ್ರ ಕಬನೂರಿಗೆ ನನ್ನನ್ನು ಕರೆಯಲು ಬರಬೇಡಿ. ಇದು ಹೆದರಿಸುವ ಮಾತಲ್ಲ. ಇನ್ನೊಮ್ಮೆ ನಿಮ್ಮ ಬ್ಯಾಗು ತುಂಬುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಮಹಾವೀರಣ್ಣನ ಟೆಂಪೋ ಬಂದು ನಿಂತಿದೆ. ಕೊಲ್ಹಾಪುರಕ್ಕೆ ಒಯ್ದು ಅಲ್ಲಿಂದ ದಿಲ್ಲಿಗೆ ಕಳಿಸುತ್ತಾರೆ. ನಿಮ್ಮ ಡಬ್ಬಿಯ ಒಂದು ಮಗ್ಗುಲಿನ ಹೊಲಿಗೆ ಬಿಚ್ಚಿ ಇದನ್ನು ಒಳಗಿಟ್ಟು ಮತ್ತೆ ಹೊಲಿಯುತ್ತೇನೆ. ಆ ಕಡೆಯ ದಾರ ಕೆಂಪಗಿರುತ್ತದೆ, ಅಲ್ಲಿಂದಲೇ ಬಿಚ್ಚಿ.

ಉಂಡಿ ಎಲ್ಲರಿಗೂ ಹಂಚಿ. ಆದರೆ ತಳದಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ನಾಲ್ಕು ಚಪ್ಪಟೆ ಉಂಡಿಗಳಿವೆ, ಮುಟ್ಟಿದರೆ ಒಡೆಯುತ್ತವೆ. ಅವನ್ನು ಯಾರಿಗೂ ಕೊಡಬೇಡಿ.

ಇಂತಿ ನಿಮ್ಮ ಮೇಲೆ ಇನ್ನೂ ಸಿಟ್ಟಿರುವ,
ಉಜ್ವಲಾ

ತಾ.ಕ.: ಇದನ್ನು ಪತ್ರದಲ್ಲಿ ಬರೆಯುವುದಿಲ್ಲ ಎಂದು ಬೀರದೇವರ ಭಂಡಾರದ ಅರಿಶಿನ ಮುಟ್ಟಿ ಅತ್ತೆಗೆ ಆಣೆ ಮಾಡಿದ್ದೆ. ಪತ್ರದಲ್ಲಿ ಬರೆದಿಲ್ಲ, ಮೇಲೆ ಸಹಿ ಮಾಡಿ ಮುಗಿಸಿದ್ದೇನೆ. ಇದು ಪತ್ರದ ಕೆಳಗೆ. ನಾಗರ ಪಂಚಮಿಯ ಮರುದಿನ ಅತ್ತೆಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿದೆ, ಬಾಯಿ ಒಂದು ಕಡೆ ಸೊಟ್ಟಗಾಗಿದೆ. ಸೆರಗು ಅದಕ್ಕೆ. ನಾನು ಅಂದಿನಿಂದ ಇಲ್ಲೇ ಇದ್ದೇನೆ, ಕಬನೂರಿನ ಕೆಲಸ ಬಿಟ್ಟೆ. ಊರಿಗೆಲ್ಲ ಗೊತ್ತು, ನಿಮಗೆ ಯಾರೂ ಹೇಳಿಲ್ಲ. "ಬಂದೂಕ ಹಿಡಿಯೋ ಕೈ ನಡಗಬಾರದು, ಹೇಳಬ್ಯಾಡ" ಎಂದರು ಅತ್ತೆ. ನನಗೂ ಹೇಳದೇ ಇರುವುದೇ ಬೇಕಿತ್ತು. ಅವ್ವನಿಗಾಗಿ ಅಲ್ಲ, ನನ್ನ ಮಾತಿಗಾಗಿ ನೀವು ಬರುತ್ತೀರೋ ಇಲ್ಲವೋ ನೋಡಬೇಕೆಂದಿದ್ದೆ. ಆದರೆ ಇವತ್ತು ಬೆಳಿಗ್ಗೆ ಅವರ ತಲೆ ಬಾಚುವಾಗ ಆ ಹಟ ನನ್ನಿಂದ ಹಿಡಿಯಲಾಗಲಿಲ್ಲ. ಸುಳ್ಳು ಹೇಳಿದಿರೆಂದು ನಿಮ್ಮನ್ನು ಬಿಟ್ಟು ಹೋದವಳು ನಾನು. ಯಾರಿಗಾಗಿ ಬಂದರೂ ಬನ್ನಿ, ನಾನು ಕೇಳುವುದಿಲ್ಲ. ಆ ಚಪ್ಪಟೆ ಉಂಡಿಗಳನ್ನು ಅತ್ತೆ ಯಾರನ್ನೂ ಮುಟ್ಟಗೊಡದೆ ಎಡಗೈ ಒಂದರಲ್ಲೇ ಕಟ್ಟಿದ್ದಾರೆ. ಸಹಿಯ ಆ ಕಾಗದಕ್ಕೆ ಕೈ ಹಚ್ಚುವ ಮೊದಲು ಅವನ್ನು ತಿನ್ನಿ.