ದೀಪದ ಕುಡಿಯ ಗುರುತು

ಗುರುವಾರ, ಬೆಳಗಿನ ಎಂಟು ಗಂಟೆ

ನನ್ನ ಪ್ರೀತಿಯ ಮಗಳಿಗೆ, ಮಲಗಿದಲ್ಲಿಂದಲೇ ಎರಡೂ ಕೈಯೆತ್ತಿ ತಾಯಿಯು ಮಾಡುವ ಆಶೀರ್ವಾದ.

ಈ ಪತ್ರ ನಿನ್ನ ಕೈಸೇರಿದ ಕ್ಷಣದಿಂದ ಮಗುವನ್ನು ಆ ಸೈಕಲ್ಲಿನ ಮೇಲೆ ಕೂರಿಸಬೇಡ. ನೀನೂ ಹತ್ತಬೇಡ. ಕಾರಣವನ್ನು ಮುಂದೆ ಬರೆದಿದ್ದೇನೆ. ಕಾರಣ ಓದಿ ನನ್ನ ಮೇಲೆ ಸಿಟ್ಟು ಬಂದರೂ ಈ ಮೊದಲ ಮಾತನ್ನು ಮಾತ್ರ ನಡೆಸಿಕೊಡು.

ನಾನು ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ಕೇಳಿ, ಆರು ವರ್ಷಗಳ ಮೌನ ಮುರಿದು ನೀನು ಕಳಿಸಿದ ನಾಲ್ಕು ಸಾಲೂ ಮೂರು ಚಿತ್ರಗಳೂ ನಿನ್ನೆ ಸಂಜೆ ತಲುಪಿದವು. ಮೊಮ್ಮಗಳ ಮುಖವನ್ನು ನಾನು ಮೊದಲ ಬಾರಿಗೆ ಕಂಡೆ. ಕಂಡ ಸಂತೋಷ ಒಂದು ಗಳಿಗೆಯೂ ನಿಲ್ಲಲಿಲ್ಲ. ಅವಳು ಕುಳಿತಿದ್ದ ಸೈಕಲ್ಲಿನ ಮೇಲಿನ ಹೆಸರಿನ ಕಡೆಗೆ ಕಣ್ಣು ಹೋಯಿತು. ಕೊನೆಯ ಅಕ್ಷರದ ಬಾಲ ತುಸು ಮೇಲಕ್ಕೆ ಎದ್ದಿದೆ. ಆ ಕಂಪನಿಯವರು ಅದನ್ನು ಹಾಗೆ ಎತ್ತುವುದಿಲ್ಲ. ಹಾಗೆ ಎತ್ತುವುದು ನನ್ನ ಕೈ.

ಮಗಳೇ, ಆ ಹೆಸರನ್ನು ಬರೆದವಳು ನಾನು.

ಮುದ್ರಿತ ಫಲಕಗಳು ಬಂದ ಮೇಲೆ ಅಂಗಡಿಗಳ ಹೆಸರು ಬರೆಸಲು ಯಾರೂ ನನ್ನಲ್ಲಿಗೆ ಬರುತ್ತಿರಲಿಲ್ಲವೆಂಬುದು ನಿನಗೆ ಗೊತ್ತು. ಆಗ ಸೈಕಲ್ಲುಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯ ಧಣಿ ಕರೆಸಿಕೊಂಡರು. ಹಳೆಯ ಅಸಲಿ ಫ್ರೇಮುಗಳ ಬಣ್ಣ ಹೋಗಿದೆ, ಹೊಸದಾಗಿ ಬಳಿದು ಕಂಪನಿಯ ಹೆಸರನ್ನು ಇದ್ದಂತೆಯೇ ಬರೆಯಬೇಕು ಎಂದರು. ನಂಬಿದೆ. ಎಷ್ಟು ದಿನ ನಂಬಿದೆ ಎಂದು ನೀನು ಕೇಳುವೆ. ಒಂದು ವಾರ. ಒಂದೇ ಸಾಲಿನಲ್ಲಿ ನೇತುಹಾಕಿದ ನಲವತ್ತು ಫ್ರೇಮುಗಳ ಅಡಿಯಲ್ಲಿ ಒಂದೇ ಸಂಖ್ಯೆಯ ಮುದ್ರೆಯಿತ್ತು. ಅಸಲಿಯಾದರೆ ಪ್ರತಿಯೊಂದಕ್ಕೂ ಬೇರೆ ಸಂಖ್ಯೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಇವುಗಳ ಮುದ್ರೆ ಬಣ್ಣದ ಎರಡನೆಯ ಪದರಕ್ಕೇ ತುಂಬಿಹೋಗುತ್ತಿತ್ತು. ಬೆಸುಗೆ ಹಾಕುವವನನ್ನು ನಾವೆಲ್ಲ ಕಿಡಿ ಎಂದು ಕರೆಯುತ್ತೇವೆ. ಇವು ಎಂಥ ಸೈಕಲ್ಲುಗಳಪ್ಪಾ ಎಂದು ಕೇಳಿದ್ದಕ್ಕೆ ಅವನು ನಕ್ಕು, “ಅಜ್ಜೀ, ಇವು ಓಡೋಕಲ್ಲ, ನೋಡೋಕೆ” ಎಂದ. ಧಣಿಯ ಬಳಿಗೆ ಹೋದೆ. ಅವರು ತಲೆಯೆತ್ತದೆಯೇ ಹೇಳಿದರು: “ಹೆಸರು ಬರೆಯೋದು ನಿಮ್ಮ ಕೆಲಸ ಅಮ್ಮಾ. ಕಬ್ಬಿಣದ ಚಿಂತೆ ನಮಗೆ ಬಿಡಿ.”

ಬಿಟ್ಟೆ. ಎಂಟು ವರ್ಷ ಬಿಟ್ಟೆ. ಹೊಟ್ಟೆಪಾಡು ಎಂದು ಬರೆದರೆ ಅರ್ಧ ಸತ್ಯ. ಉಳಿದ ಅರ್ಧ ಕೇಳು: ಕಂಪನಿಯ ಜನರೇ ಬಂದರೂ ನನ್ನ ಬರಹವನ್ನು ಬೇರೆಯೆಂದು ಗುರುತಿಸಲಾರರು ಎಂದು ಧಣಿ ಹೊಗಳಿದಾಗ ನನ್ನ ಎದೆ ಹಿಗ್ಗುತ್ತಿತ್ತು. ನಿತ್ಯವೂ ಮಿಂದು, ಸ್ತೋತ್ರ ಹೇಳಿಕೊಂಡು, ಆಮೇಲೆ ಹೋಗಿ ಪರರ ಹೆಸರನ್ನು ಕದ್ದು ಬರೆಯುತ್ತಿದ್ದೆ.

ಮದುವೆಯನ್ನು ಒಂದು ತಿಂಗಳು ನನ್ನಿಂದ ಮುಚ್ಚಿಟ್ಟೆಯೆಂಬ ಒಂದೇ ಕಾರಣಕ್ಕೆ ನಿನ್ನನ್ನು ಹೊಸಿಲಾಚೆ ನಿಲ್ಲಿಸಿದೆನಲ್ಲ, ಸುಳ್ಳಾಡುವ ನಾಲಿಗೆಗೆ ಈ ಮನೆಯಲ್ಲಿ ಅನ್ನವಿಲ್ಲ ಎಂದೆನಲ್ಲ, ಆ ದಿನ ನನ್ನ ಉಗುರಿನ ಸಂದಿಯಲ್ಲಿ ಆ ಬಣ್ಣವಿತ್ತು. ನೀನು ಪೆಟ್ಟಿಗೆ ಎತ್ತಿಕೊಂಡು ಕೇಳಿದೆ: “ಅಮ್ಮಾ, ನಿನ್ನ ದೇವರು ನನ್ನ ಸುಳ್ಳನ್ನ ಮಾತ್ರ ಎಣಿಸ್ತಾನಾ?” ನಿನಗೆ ಏನೂ ತಿಳಿದಿರಲಿಲ್ಲ, ಸುಮ್ಮನೆ ನೋವಿಗೆ ಆಡಿದ ಮಾತು. ನಾನು ಮಾತ್ರ, ನಿನಗೆ ಎಲ್ಲ ತಿಳಿದುಹೋಗಿದೆಯೆಂಬಂತೆ, ಬಾಗಿಲು ಹಾಕಿಕೊಂಡೆ.

ನೀನು ಬರೆದ ಸಾಲೊಂದು ಎದೆಯನ್ನು ಇರಿಯುತ್ತಿದೆ. ಅಗ್ಗದ, ಹೆಸರಿಲ್ಲದ ಫ್ರೇಮು ಸಾಕೆಂದು ಅಳಿಯಂದಿರು ಹೇಳಿದರೂ, ಮಗು ಕೂರುವ ಗಾಡಿ ಅಸಲಿ ಕಂಪನಿಯದೇ ಆಗಬೇಕೆಂದು ಹಟ ಹಿಡಿದು ಕೊಂಡೆಯಂತೆ. ಅಳಿಯಂದಿರ ಮಾತು ಕೇಳಿದ್ದರೆ ಆಗುತ್ತಿತ್ತು. ಹೆಸರಿಲ್ಲದ್ದನ್ನು ಕೊಳ್ಳುವವರು ತಟ್ಟಿ ನೋಡುತ್ತಾರೆ, ಎತ್ತಿ ನೋಡುತ್ತಾರೆ, ಬೆಸುಗೆಯ ಮೇಲೆ ಬೆರಳಾಡಿಸುತ್ತಾರೆ. ನಿನ್ನ ಅನುಮಾನವನ್ನು ಆ ಹೆಸರು ಜೋಗುಳ ಹಾಡಿ ಮಲಗಿಸಿತು. ಮಗಳ ಕಾಳಜಿಯನ್ನೇ ತಾಯಿಯ ಕುಂಚ ಮೋಸಗೊಳಿಸಿತು.

ದಿನವೂ ಎಂಟು ಗಂಟೆ ಕಳೆದ ಮೇಲೆ ಮನೆಯೆದುರಿನ ಇಳಿಜಾರಿನಲ್ಲಿ ಮಗುವನ್ನು ಶಿಶುವಿಹಾರಕ್ಕೆ ಕರೆದೊಯ್ಯುವೆನೆಂದೂ, ಬ್ರೇಕು ಬಿಟ್ಟರೆ ಅವಳು ಕೇಕೆ ಹಾಕುವಳೆಂದೂ ಬರೆದಿರುವೆ. ಈಗ ಗೋಡೆಯ ಗಡಿಯಾರ ಎಂಟೂ ಇಪ್ಪತ್ತು. ನೀನು ಇಳಿಜಾರಿನ ತಲೆಯಲ್ಲಿ ಇರುವೆ. ಇಂದಿನದನ್ನು ತಡೆಯುವ ಉಪಾಯ ನನ್ನಲ್ಲಿಲ್ಲ. ನಿನ್ನ ಹಳೆಯ ಫೋನ್ ಸಂಖ್ಯೆ ಸತ್ತಿದೆ, ಹೊಸದನ್ನು ನೀನು ಬರೆದಿಲ್ಲ. ನಿನ್ನೆ ಸಂಜೆಯಿಂದ ಆ ಸತ್ತ ಸಂಖ್ಯೆಗೇ ಕರೆ ಮಾಡುತ್ತಿದ್ದೇನೆ. ಪರಮಾತ್ಮನಲ್ಲಿ ಏನೆಂದು ಬೇಡಲಿ? ನಾನು ಬರೆದ ಸುಳ್ಳನ್ನು ಇನ್ನೊಂದು ದಿನ ನಿಜವೆಂದು ನಡೆಸಿಕೊಡು ಎಂದು ಬೇಡಬೇಕಾಗಿ ಬಂದಿದೆ.

ನಿಮ್ಮ ಊರಿನ ಮೇಲೆ ಹಾಯುವ ಲಾರಿಯ ಚಾಲಕರು ಈ ಪತ್ರವನ್ನು ನಾಳೆ ನಸುಕಿನಲ್ಲಿ ನಿನ್ನ ಬಾಗಿಲಿಗೆ ತಂದುಕೊಡುವರು. ಒಳಗೇನಿದೆಯೆಂದು ಅವರಿಗೆ ಹೇಳಿಲ್ಲ. ಅವರ ಲಾರಿಯಲ್ಲಿ ಹೋಗುವುದೂ ಧಣಿಯ ಸರಕೇ. ಮಹಾಕಾವ್ಯ ಮುಗಿಯಿತೇ ಅಮ್ಮಾ, ಇಂಜಿನು ತಣ್ಣಗಾಯಿತು ಎಂದು ಕಿಟಕಿಯಾಚೆಯಿಂದ ಎರಡು ಸಲ ಕೇಳಿದರು. ನನ್ನನ್ನೂ ಸಾಮಾನಿನಂತೆ ಹಿಂದೆ ಎತ್ತಿಹಾಕಿಕೊಂಡು ಹೋಗಿರೆಂದು ಕೇಳಿದೆ. ನನ್ನ ಸೊಂಟದ ಕಟ್ಟು ನೋಡಿ, ಅದಕ್ಕೆ ಮಾತ್ರ ಅವರು ನಗಲಿಲ್ಲ.

ಇನ್ನು, ಪರೀಕ್ಷಿಸುವ ಬಗೆ. ನಾನು ಹೆಸರು ಬರೆದ ಪ್ರತಿಯೊಂದು ಫ್ರೇಮಿನ ಅಡಿಯಲ್ಲಿ, ಪೆಡಲಿನ ಅಚ್ಚು ಹಾಯುವ ಕೊಳವೆಯ ಕೆಳಗೆ, ಪ್ರಾರ್ಥನಾಪೂರ್ವಕವಾಗಿ ಅಕ್ಕಿಕಾಳಿನಷ್ಟು ಸಣ್ಣದೊಂದು ದೀಪದ ಕುಡಿಯನ್ನು ಬರೆಯುವುದು ನನ್ನ ನಿಯಮ. ಸೈಕಲ್ಲನ್ನು ತಲೆಕೆಳಗು ಮಾಡಿ ನೋಡು. ಕುಡಿ ಇಲ್ಲದಿದ್ದರೆ ಅದು ನನ್ನ ಕೈಯದಲ್ಲ, ಮುದುಕಿಗೆ ಭ್ರಮೆಯೆಂದು ನಕ್ಕುಬಿಡು. ಇದ್ದರೆ ಅದನ್ನು ಯಾರಿಗೂ ಮಾರಬೇಡ, ದಾನವನ್ನೂ ಮಾಡಬೇಡ.

ನೀನು ಕ್ಷಮಿಸಬೇಕೆಂದು ಬರೆದಿಲ್ಲ. ಮಗು ಕ್ಷೇಮವೆಂಬ ಒಂದು ಮಾತನ್ನು ಬೇರೆಯವರ ಕೈಯಿಂದಲಾದರೂ ಹೇಳಿಸು.

ಇಂತು, ನಿನ್ನ ಕ್ಷೇಮವೊಂದನ್ನೇ ಬೇಡುತ್ತಿರುವ,
ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಪ್ರತಿಯೊಂದು ಫ್ರೇಮಿಗೂ ಕುಡಿ ಬರೆದೆನೆಂಬುದು ಸುಳ್ಳು. ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಾಗ ಧಣಿ ಅದಕ್ಕೆ ಬಿಳಿಯ ಪುಟ್ಟಿ ಮೆತ್ತಿಸಿ ಬಣ್ಣ ಬಳಿಸುತ್ತಿದ್ದರು. ಅಂಥವುಗಳ ಕೆಳಗೆ ಮಾತ್ರ, ಏರುವವರನ್ನು ನೀನೇ ಕಾಯಬೇಕು ಸ್ವಾಮೀ ಎಂದು ಕುಡಿ ಬರೆದು, ನನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಿದ್ದೆ. ಎಂಟು ವರ್ಷಗಳಲ್ಲಿ ಅಂಥವು ಹನ್ನೊಂದು. ಹತ್ತು ಎಲ್ಲಿವೆಯೋ, ಯಾರ ಮಕ್ಕಳನ್ನು ಹೊತ್ತಿವೆಯೋ ನಾನರಿಯೆ. ಅವರಿಗಾಗಿ ಈ ಪತ್ರವನ್ನು ಪೊಲೀಸರಿಗೆ ಕೊಡು, ಬರಹ ನನ್ನದೆಂದು ನಾನೇ ಒಪ್ಪುವೆನು. ತಿರುಗಿಸಿ ನೋಡುವ ಶ್ರಮ ನಿನಗೆ ಬೇಡ. ಮೂರನೆಯ ಚಿತ್ರದಲ್ಲಿ, ತಲೆಕೆಳಗಾಗಿಸಿಟ್ಟ ಸೈಕಲ್ಲಿನ ಚಕ್ರ ತಿರುಗಿಸುತ್ತ ಮೊಮ್ಮಗಳು ನಗುತ್ತಿದ್ದಾಳೆ. ಅವಳ ಮೊಣಕೈಯ ಪಕ್ಕದಲ್ಲಿ ಹನ್ನೊಂದನೆಯದು ಉರಿಯುತ್ತಿದೆ.