ಮೊದಲನೇ ದಿನ ಯಾರಿಗೂ ಏನೂ ಗೊತ್ತಿರಬಾರದು

ಚುಕ್ಕಿ,

ಈ ಹೆಸರು ನಿನಗೆ ನೆನಪಿದೆಯೋ ಇಲ್ಲವೋ. ಮುಖದ ತುಂಬ ಕಂದು ಚುಕ್ಕೆ ಹೊತ್ತು ಬಂದಿದ್ದ ನಿನ್ನನ್ನು ಮಕ್ಕಳು ಮೊದಲ ಮಧ್ಯಾಹ್ನವೇ 'ಚುಕ್ಕಿ ಅಕ್ಕ' ಮಾಡಿಬಿಟ್ಟಿದ್ದರು. ನಿನಗೆ ಆಗ ಇಪ್ಪತ್ತು ವರ್ಷ. ಎರಡು ವಾರಕ್ಕೆಂದು ಅಷ್ಟು ದೂರದ ದೇಶದಿಂದ ನಮ್ಮ ಶಾಲೆಗೆ ಪಾಠ ಹೇಳಲು ಬಂದಿದ್ದೆ.

ನಿನ್ನ ಕಾರ್ಡು ತಲುಪಿತು. ನಮ್ಮ ಭಾಷೆ ಕಲಿಯುತ್ತಿದ್ದೇನೆ, ಕಲಿಯುತ್ತಿದ್ದೇನೆ ಎಂದು ಹತ್ತೊಂಬತ್ತು ವರ್ಷದಿಂದ ಹೇಳಿಕೊಂಡು ಬಂದವಳು ಈ ಸಲ ಪೂರ್ತಿ ನಮ್ಮ ಭಾಷೆಯಲ್ಲೇ ಬರೆದಿದ್ದೀಯ. ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಇಟ್ಟಿದ್ದೇನೆ, ಹಳೇ ಚಾಳಿ, ಬೇಜಾರು ಮಾಡಿಕೊಳ್ಳಬೇಡ. 'ಬರುವ ತಿಂಗಳು ಮಗಳನ್ನು ಕರೆದುಕೊಂಡು ಬರುತ್ತೇನೆ. ಪಿಳಿಪಿಳಿಯನ್ನು ನೋಡಬೇಕು. ಪಾಪ, ಕೊನೆಗಾದರೂ ಅವಳಿಗೆ ಓದು ಹತ್ತಿತಾ?' ಎಂದು ಕೇಳಿದ್ದೀಯ. ಪ್ರತಿ ಕಾರ್ಡಿನಲ್ಲೂ ಕೇಳುತ್ತೀಯ. ಪ್ರತಿ ಸಲವೂ ನಾನು 'ಚೆನ್ನಾಗಿದ್ದಾಳೆ' ಎಂದು ಒಂದೇ ಮಾತು ಬರೆದು ಜಾರಿಕೊಂಡಿದ್ದೇನೆ. ಈ ಸಲ ನೀನೇ ಬಂದು ಎದುರಿಗೆ ನಿಂತರೆ ಎಲ್ಲಿಗೆ ಅಂತ ಜಾರಲಿ? ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕೂತು ಓದು.

ನಮ್ಮ ಶಾಲೆ ನಿನಗೆ ಮರೆತಿರಲಾರದು. ದೊಡ್ಡ ದೊಡ್ಡ ಹೋಟೆಲುಗಳ ಹಾಸುಬಟ್ಟೆ ಒಗೆಯುವ ಲಾಂಡ್ರಿಯ ಹಿಂಬದಿಗೆ ಒಂದು ಉದ್ದನೆಯ ಕೋಣೆ, ನಡುವೆ ಬೀರು ಅಡ್ಡ ಇಟ್ಟು ಮಾಡಿದ ಎರಡು ತರಗತಿ, ಇಡೀ ದಿನ ಗೋಡೆಯಾಚೆ ಗುಂಯ್ ಎನ್ನುವ ಯಂತ್ರಗಳ ಸದ್ದು. ಲಾಂಡ್ರಿಯಲ್ಲಿ ದುಡಿಯುವವರ ಮಕ್ಕಳು ಮೂವತ್ತು ಜನ, ಅವರಿಗೆಲ್ಲ ನಾನೊಬ್ಬಳೇ ಟೀಚರ್, ಜೊತೆಗೆ ಬಾಯಿಬಡುಕಿ ಅಡುಗೆಯಮ್ಮ. ಮಧ್ಯಾಹ್ನದ ಬಿಸಿ ಊಟ ನಿಮ್ಮನ್ನು ಕಳಿಸುತ್ತಿದ್ದ ಸಂಸ್ಥೆಯಿಂದಲೇ ಬರುತ್ತಿತ್ತು. ಎಷ್ಟೋ ಮಕ್ಕಳಿಗೆ ದಿನದ ಸರಿಯಾದ ಊಟ ಅದೊಂದೇ ಆಗಿತ್ತು. ಇದನ್ನು ಚೆನ್ನಾಗಿ ನೆನಪಿಟ್ಟುಕೋ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ನೀನು ಬರುವ ಎರಡು ವರ್ಷ ಮುಂಚೆ ನಿನ್ನ ಹಾಗೆಯೇ ಪಾಠ ಹೇಳಲು ಒಬ್ಬ ಎತ್ತರದ ಹುಡುಗ ಬಂದಿದ್ದ. ಮೊದಲನೇ ದಿನ ಚೀಲದಿಂದ ಚಿತ್ರದ ಕಾರ್ಡುಗಳನ್ನು ತೆಗೆದು ಕೊಡೆಯ ಚಿತ್ರ ಎತ್ತಿ ಹಿಡಿದ. ಅಷ್ಟರಲ್ಲಾಗಲೇ ಐದು ತಂಡಗಳ ಕೈಯಲ್ಲಿ ಕೊಡೆ ಕಲಿತಿದ್ದ ನಮ್ಮ ಮಕ್ಕಳು ಸೂರು ಹಾರಿಹೋಗುವ ಹಾಗೆ ನಿಮ್ಮ ಭಾಷೆಯಲ್ಲಿ 'ಕೊಡೆ' ಎಂದು ಕೂಗಿದರು. ಕೀಲಿಕೈ, ಕಿಟಕಿ, ಕುರ್ಚಿ, ಒಂದನ್ನೂ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಅವನ ಎರಡು ವಾರದ ಪಾಠ ಮುಗಿದುಹೋಯಿತು. ಪಾಪ, ಮುಖ ಸಪ್ಪಗೆ ಮಾಡಿಕೊಂಡು ಮೂರನೇ ದಿನವೇ ಹೊರಟುಹೋದ. ಈ ಮಕ್ಕಳಿಗೆ ತನ್ನ ಅಗತ್ಯವಿಲ್ಲ ಎಂದು ಬರೆದುಕೊಟ್ಟನಂತೆ. ಸಂಸ್ಥೆಯವರು ಮುಂದಿನ ತಂಡವನ್ನು ಬೇರೆ ಶಾಲೆಗೆ ಕಳಿಸಿದರು, ಊಟವೂ ಅದರ ಹಿಂದೆಯೇ ಹೋಯಿತು. ಎರಡು ತಿಂಗಳು ನಮ್ಮ ಅಡುಗೆಯಮ್ಮನ ಒಲೆ ಹತ್ತಲಿಲ್ಲ. ಮಧ್ಯಾಹ್ನ ಮಕ್ಕಳು ನೀರು ಕುಡಿದು ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಆಮೇಲೆ ನಾನು ಕಲಿತೆ. ಸಂಸ್ಥೆಯ ಮೇಲ್ವಿಚಾರಕರ ಕೈಕಾಲು ಹಿಡಿದು ತಂಡಗಳನ್ನು ಮತ್ತೆ ಕರೆಸಿಕೊಂಡೆ. ಸದಾ ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುತ್ತಿದ್ದರಲ್ಲ, ಮಕ್ಕಳು ಕ್ಯಾಮೆರಾ ಮಾಮ ಎನ್ನುತ್ತಿದ್ದರಲ್ಲ, ಅವರೇ. ನೀವೆಲ್ಲ ಮೊದಲ ದಿನ ಒಂದು ಪರೀಕ್ಷೆ, ಕೊನೆಯ ದಿನ ಅದೇ ಪರೀಕ್ಷೆ ಮಾಡುತ್ತಿದ್ದಿರಿ. ಎರಡರ ನಡುವಿನ ಅಂತರ ದೊಡ್ಡದಾದಷ್ಟೂ ಸಂಸ್ಥೆಗೆ ಖುಷಿ. ಅದಕ್ಕೆ ಪ್ರತಿ ತಂಡ ಬರುವ ಹಿಂದಿನ ದಿನ ನಾನು ಬಾಗಿಲು ಹಾಕಿ ತಾಲೀಮು ಮಾಡಿಸುತ್ತಿದ್ದೆ. 'ಮೊದಲನೇ ದಿನ ಯಾರಿಗೂ ಏನೂ ಗೊತ್ತಿರಬಾರದು. ಮೂರನೇ ದಿನ ಮುಂದಿನ ಬೆಂಚಿನವರಿಗೆ ಕೊಡೆ ಗೊತ್ತಾಗಬಹುದು. ಕೊನೇ ದಿನ ಎಲ್ಲರಿಗೂ ಎಲ್ಲಾ ಗೊತ್ತಾಗಬೇಕು.' ಮಕ್ಕಳಿಗೆ ಅದೊಂದು ಆಟ. ನಾನು ಬದುಕಿನಲ್ಲಿ ಅಷ್ಟು ಮನಸ್ಸಿಟ್ಟು ಹೇಳಿಕೊಟ್ಟ ಪಾಠ ಬೇರೊಂದಿಲ್ಲ, ನಾಚಿಕೆಯಾಗುತ್ತದೆ.

ಪಿಳಿಪಿಳಿ ಇಸ್ತ್ರಿ ವಿಭಾಗದವಳ ಮಗಳು. ಆಗ ಹನ್ನೊಂದು ವರ್ಷ. ಗೊತ್ತಿರುವುದನ್ನು ಗೊತ್ತಿಲ್ಲ ಎಂದು ಹೇಳಬೇಕಾದಾಗಲೆಲ್ಲ ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು, ಹೆಸರು ಬಂದದ್ದೇ ಹಾಗೆ. ಸುಳ್ಳು ಹೇಳಲು ಬಾರದ ಮಗು, ಕಣ್ಣೇ ಅವಳನ್ನು ಹಿಡಿದುಕೊಡುತ್ತಿತ್ತು. ನನ್ನ ಮೂವತ್ತೈದು ವರ್ಷದ ಕೆಲಸದಲ್ಲಿ ಅವಳಂಥ ಇನ್ನೊಂದು ಮಗುವನ್ನು ನಾನು ಕಾಣಲಿಲ್ಲ. ನಾನು ಕರಿಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲು ಅವಳ ಹತ್ತಿರ ಉತ್ತರ ಇರುತ್ತಿತ್ತು. ತಾಲೀಮಿನ ದಿನ ಅವಳೊಬ್ಬಳೇ ಕೈ ಎತ್ತಿ, 'ಟೀಚರ್, ನಂಗೆ ಯಾವತ್ತು ಗೊತ್ತಾಗ್ಬೇಕು?' ಎಂದು ಕೇಳಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. 'ನಿಂಗೆ ಎಲ್ಲರಿಗಿಂತ ಕೊನೇಲಿ' ಎಂದೆ.

ನಿನ್ನ ಎರಡನೇ ದಿನ ನೆನಪಿದೆಯಾ? ಮಗ್ಗಿ ಬರೆಯುತ್ತಾ ಏಳೆಂಟ್ಲೆ ಐವತ್ನಾಲ್ಕು ಎಂದು ಬರೆದುಬಿಟ್ಟೆ. ನಾನು ಬೀರುವಿನ ಪಕ್ಕದಲ್ಲಿದ್ದೆ, ನೋಡಿ ಸುಮ್ಮನಿದ್ದೆ. ಪಿಳಿಪಿಳಿಗೆ ತಡೆಯಲಾಗಲಿಲ್ಲ. ಎದ್ದುಹೋಗಿ ನಾಲ್ಕನ್ನು ಅಂಗೈಯಿಂದ ಒರೆಸಿ ಆರು ಬರೆದಳು. ನೀನು ಕೆಂಪಗಾಗಿ, ನಕ್ಕು, ಅವಳ ತಲೆ ಸವರಿದೆ. ಇಲ್ಲಿಯವರೆಗೆ ನಿನಗೆ ಗೊತ್ತು. ಮುಂದಿನದು ಗೊತ್ತಿಲ್ಲ.

ಊಟದ ಹೊತ್ತಿಗೆ ಅವಳನ್ನು ಅಡುಗೆಮನೆಯ ಹಿಂದೆ ಎಳೆದುಕೊಂಡು ಹೋದೆ. ನನಗೆ ಹೆದರಿಕೆ. ಆ ಎತ್ತರದ ಹುಡುಗ, ತಣ್ಣಗಿನ ಒಲೆ, ಎಲ್ಲ ಕಣ್ಣ ಮುಂದೆ ಬಂದಿತ್ತು. 'ಜಾಣತನ ತೋರಿಸ್ಬೇಡ ನೀನು. ನಿನ್ನೊಬ್ಬಳ ಜಾಣತನಕ್ಕೆ ಉಳಿದ ಮಕ್ಕಳ ತಟ್ಟೆ ಖಾಲಿ ಆಗುತ್ತೆ. ಅವರು ಉಪವಾಸ ಬೀಳ್ಲಿ ಅಂತಾನಾ ನಿಂಗೆ?' ಎಂದೆ. ಕೈಯಲ್ಲಿದ್ದ ತಟ್ಟೆಯನ್ನು ಅವಳು ಅಲ್ಲೇ ಕಟ್ಟೆಯ ಮೇಲಿಟ್ಟಳು. ಅವತ್ತು ಊಟ ಮಾಡಲಿಲ್ಲ. ಅಡುಗೆಯಮ್ಮ ನನಗೆ ಬಾಯಿಗೆ ಬಂದ ಹಾಗೆ ಬೈದಳು. ನಾನು ಅವಳಿಗೂ ರೇಗಿದೆ.

ಅಲ್ಲಿಂದ ಆಚೆಗೆ ಆ ಹುಡುಗಿ ಬಾಯಿ ಬಿಡಲಿಲ್ಲ. ನೀನು ಎಷ್ಟು ಕಷ್ಟಪಟ್ಟೆ! ಊಟದ ಬಿಡುವಿನಲ್ಲೂ ಪಕ್ಕದಲ್ಲಿ ಕೂರಿಸಿಕೊಂಡು, ಕೊಡೆಯ ಕಾರ್ಡು ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಡುತ್ತಿದ್ದೆ. ಅವಳು ಪಿಳಿಪಿಳಿ ನೋಡುತ್ತಿದ್ದಳು. ಕೊನೆಯ ದಿನದ ಪರೀಕ್ಷೆಯಲ್ಲಿ ಉಳಿದವರೆಲ್ಲ ಆಟದ ನಿಯಮದಂತೆ ಎಲ್ಲವನ್ನೂ ಬರೆದರು. ನಾನು ಬೀರುವಿನ ಪಕ್ಕದಿಂದ ಅವಳಿಗೆ ಕಣ್ಣಲ್ಲೇ ಬರೆ, ಬರೆ ಎಂದೆ. ಅವಳು ನನ್ನನ್ನು ನೋಡಿ, ಖಾಲಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನಿನ್ನ ಕೈಗಿಟ್ಟಳು. ಮುನಿಸೋ, ಹೆದರಿಕೆಯೋ, ನಾನು ಕೇಳಲಿಲ್ಲ.

ಅದರ ಮೇಲೆ ನೀನು ಕಂಡದ್ದನ್ನು ಕಂಡ ಹಾಗೆ ಬರೆದೆ. 'ತುಂಬಾ ಒಳ್ಳೆಯ ಮಗು. ಆದರೆ ಕಲಿಕೆ ಬಹಳ ನಿಧಾನ. ಮೇಲಿನ ತರಗತಿಯ ಭಾರ ಹೊರಿಸಬಾರದು.' ಆ ಸಾಲಿನಲ್ಲಿ ನಿನ್ನ ತಪ್ಪು ಒಂದೂ ಇಲ್ಲ, ಇದನ್ನು ದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ. ಆದರೆ ಆ ವರ್ಷ ಸಂಸ್ಥೆಯವರು ನಮ್ಮ ಶಾಲೆಯ ಒಂದೇ ಒಂದು ಮಗುವನ್ನು ಪಟ್ಟಣದ ದೊಡ್ಡ ಶಾಲೆಗೆ ಸೇರಿಸಿ, ಹಾಸ್ಟೆಲಿನಲ್ಲಿಟ್ಟು, ಕಾಲೇಜಿನವರೆಗೂ ಓದಿಸುವವರಿದ್ದರು. ನೀನು ಹೋದ ವಾರಕ್ಕೆ ಕ್ಯಾಮೆರಾ ಮಾಮ ನಿನ್ನ ಹಾಳೆ ಹಿಡಿದು ಬಂದರು. 'ಏನ್ ಟೀಚರ್, ನೀವು ಈ ಹುಡುಗೀನೇ ಕಳಿಸ್ಬೇಕು ಅಂತಿದ್ರಿ. ಇಲ್ನೋಡಿದ್ರೆ ಹೀಗೆ ಬರೆದಿದಾರೆ?'

ಚುಕ್ಕಿ, ಆಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಎರಡು ವರ್ಷದ ನಾಟಕವೆಲ್ಲ ಬಯಲಿಗೆ ಬೀಳುತ್ತಿತ್ತು. ಗೋಡೆಯಾಚೆ ಯಂತ್ರಗಳು ಗುಂಯ್ ಎನ್ನುತ್ತಿದ್ದವು, ಈಚೆ ಅಡುಗೆಯಮ್ಮ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ನಾನು, 'ಅವರು ಹತ್ತಿರದಿಂದ ನೋಡಿದಾರಲ್ಲ, ಅವರು ಬರೆದಿದ್ದೇ ಸರಿ ಇರ್ಬೇಕು' ಎಂದೆ. ಬೇರೆ ಹುಡುಗನೊಬ್ಬ ಹೋದ. ಅವನೂ ಒಳ್ಳೆಯವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ.

ಅವಳ ತಾಯಿ ಕೆಲಸದ ನಡುವೆಯೇ ಓಡಿಬಂದಿದ್ದಳು, ಇಸ್ತ್ರಿಯ ಶಾಖಕ್ಕೆ ಮುಖ ಕೆಂಡವಾಗಿತ್ತು. 'ನಮ್ಮ ಹುಡುಗಿ ಜಾಣೆ ಅಂತ ನೀವೇ ಹೇಳ್ತಿದ್ರಲ್ಲ ಟೀಚರ್' ಎಂದಳು. ನಾನು, 'ಹೊರಗಿಂದ ಬಂದೋರು ಹಾಗೆ ಬರೆದ್ರೆ ನಾನೇನ್ ಮಾಡ್ಲಮ್ಮ' ಎಂದು ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿಬಿಟ್ಟೆ. ಅಮ್ಮನ ಬೆನ್ನ ಹಿಂದೆ ಪಿಳಿಪಿಳಿ ನಿಂತಿದ್ದಳು. ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳಿದ್ದು ಈ ಸಲ ಅವಳಲ್ಲವಲ್ಲ.

ಈಗ ಅವಳು ಅದೇ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಸುತ್ತಾಳೆ. ಹದಿನೈದಕ್ಕೇ ಸೇರಿದಳು. ಯಾವ ಹೋಟೆಲಿಗೆ ಎಷ್ಟು ಹಾಸುಬಟ್ಟೆ, ಎಷ್ಟು ದಿಂಬಿನ ಚೀಲ ಎಂಬುದೆಲ್ಲ ಅವಳ ಬಾಯಲ್ಲೇ ಇರುತ್ತದಂತೆ. ಗಾಡಿ ತುಂಬುವವರು ಅವಳನ್ನು ಕೇಳದೆ ಗಾಡಿ ಬಿಡುವುದಿಲ್ಲವಂತೆ. ಅದನ್ನು ಕೇಳಿದಾಗಲೆಲ್ಲ ನನಗೆ ಎಲ್ಲಾದರೂ ಮುಖ ಮುಚ್ಚಿಕೊಂಡು ಕೂರೋಣ ಎನ್ನಿಸುತ್ತದೆ.

ನಮ್ಮ ಊಟವನ್ನು ಈಗ ನಗರಸಭೆಯವರೇ ಕೊಡುತ್ತಾರೆ. ತಾಲೀಮು ನಿಂತು ಹನ್ನೆರಡು ವರ್ಷ ದಾಟಿತು. ಮುಚ್ಚಿಹೋದ ವಿಷಯ ಎಂದುಕೊಂಡಿದ್ದೆ. ಹೋದ ತಿಂಗಳು ಹೊಸ ತಂಡ ಬಂತು. ಒಬ್ಬ ನಗುಮುಖದ ಹುಡುಗಿ ಚೀಲದಿಂದ ಕಾರ್ಡು ತೆಗೆದಳು. ಏನು ಅಂತೀಯ? ಕೊಡೆಯೇ! ಈ ವರ್ಷ ನಮ್ಮ ಶಾಲೆಗೆ ಸೇರಿದ ಪಿಳಿಪಿಳಿಯ ಮಗಳ ಮುಂದೆ ನೇರವಾಗಿ ಹಿಡಿದಳು. ಐದು ವರ್ಷದ ಆ ಚೋಟುದ್ದದ ಹುಡುಗಿ ನನ್ನ ಔಷಧಿ ಡಬ್ಬಿಯ ಮೇಲೆ ನಿಮ್ಮ ಭಾಷೆಯಲ್ಲಿ ಅಚ್ಚಾದದ್ದನ್ನೂ ಕೂಡಿಸಿ ಕೂಡಿಸಿ ಓದುತ್ತಾಳೆ. ಕೊಡೆ ಯಾವ ಲೆಕ್ಕ? ಹೇಳಲು ಬಾಯಿ ತೆರೆದ ಮಗು ಬಾಗಿಲ ಕಡೆ ತಿರುಗಿತು. ಬಿಡಲು ಬಂದಿದ್ದ ಪಿಳಿಪಿಳಿ ಹೊಸಿಲಲ್ಲಿ ನಿಂತಿದ್ದಳು. ಕಂಡೂ ಕಾಣದ ಹಾಗೆ ತಲೆ ಅಲ್ಲಾಡಿಸಿದಳು. ಮಗು ಪಿಳಿಪಿಳಿ ಕಣ್ಣು ಬಿಟ್ಟು, 'ಗೊತ್ತಿಲ್ಲ' ಎಂದಿತು. ಬಂದ ಹುಡುಗಿಗೆ ಎಷ್ಟು ಸಂತೋಷವಾಯಿತೆಂದರೆ ಚಪ್ಪಾಳೆ ತಟ್ಟಿದಳು.

ನಾನು ಗೇಟಿನ ತನಕ ಓಡಿದೆ, ಈ ಮಂಡಿಗಳನ್ನು ಇಟ್ಟುಕೊಂಡು. 'ಯಾಕಮ್ಮಾ? ಮಗೂಗೆ ಗೊತ್ತಿತ್ತಲ್ಲ!' ಎಂದೆ. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. 'ಮೊದಲನೇ ದಿನ ಅಲ್ವಾ ಟೀಚರ್' ಎಂದಳು, ಕೆಲಸಕ್ಕೆ ಹೊತ್ತಾಯಿತೆಂದು ಹೊರಟಳು.

ನಾನು ಕಲಿಸಿದ ಎಷ್ಟೋ ಪಾಠ ಎಷ್ಟೋ ಮಕ್ಕಳಿಗೆ ಮರೆತುಹೋಗಿದೆ. ಇದೊಂದು ಮಾತ್ರ ತಾಯಿಯಿಂದ ಮಗಳಿಗೆ ಇಳಿದಿದೆ. ನನಗೆ ತುಂಬಾ ಸಂಕಟವಾಗುತ್ತಿದೆ, ಚುಕ್ಕಿ. ಯಾರ ಹತ್ತಿರ ಹೇಳಿಕೊಳ್ಳಲಿ? ಅಡುಗೆಯಮ್ಮನೂ ಹೋಗಿಬಿಟ್ಟಳು, ಬೈಯಲಿಕ್ಕೂ ಯಾರಿಲ್ಲ.

ನೀನು ಬಾ. ಅವಳ ಹತ್ತಿರ ಕ್ಷಮೆ ಕೇಳಬೇಡ, ಅದು ನನ್ನ ಪಾಲಿನದು. ಅವಳ ಮಗಳ ಪಕ್ಕದಲ್ಲಿ ನಿನ್ನ ಮಗಳನ್ನು ಕೂರಿಸು. ಆಮೇಲೆ ಕರಿಹಲಗೆಯ ಮೇಲೆ ಏಳೆಂಟ್ಲೆ ಐವತ್ನಾಲ್ಕು ಎಂದು ಬರೆದು ಸುಮ್ಮನೆ ನಿಂತುಕೋ. ಯಾರಾದರೂ ಎದ್ದು ಬರುವ ತನಕ ನಿಂತಿರು.

ಇಷ್ಟು ಬರೆದು, ಅಂಚೆಗೆ ಹಾಕುವ ಮೊದಲು ಈ ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಅವಳಿಗೆ ಗೊತ್ತಿಲ್ಲದೆ ಅವಳ ವಿಷಯ ನಿನಗೆ ಹೇಳುವುದು ಇನ್ನೊಂದು ಕಳ್ಳತನ ಎನ್ನಿಸಿತು. ಅವಳು ಒಗೆದ ಬಟ್ಟೆಗಳನ್ನು ಹಾಸಿಗೆಯ ಮೇಲೆ ರಾಶಿ ಹಾಕಿ ಮಡಿಸುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತು ಮೊದಲಿಂದ ಕೊನೆಯ ತನಕ ಓದಿದೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೈ ಚಾಚಿ ಹಾಳೆಗಳನ್ನು ತೆಗೆದುಕೊಂಡು ತಾನೇ ಒಮ್ಮೆ ಓದಿದಳು. ಬೈಯುತ್ತಾಳೆ, ಅಳುತ್ತಾಳೆ, ಹರಿದುಹಾಕುತ್ತಾಳೆ ಎಂದು ಕಾದೆ.

'ಟೀಚರ್, ಇಲ್ಲೊಂದು ತಪ್ಪಿದೆ' ಎಂದಳು.

ಎಲ್ಲಿ ಎಂದೆ. ಮೊದಲನೇ ಹಾಳೆಯಲ್ಲಿ, ಮಕ್ಕಳು ಮೂವತ್ತು ಜನ ಎಂದು ಬರೆದಿದ್ದೇನಲ್ಲ, ಅಲ್ಲಿ ಬೆರಳಿಟ್ಟಳು. 'ಮೂವತ್ತೊಂದು. ನನ್ನ ಬಿಟ್ಟು ಎಣಿಸಿದೀರ.'

ಮನೆಗೆ ಬಂದು ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿದೆ. ಅವಳೇ ಸರಿ. ತಿದ್ದಲು ಕೆಂಪು ಪೆನ್ನು ಎತ್ತಿಕೊಂಡೆ, ಕೈ ಬರಲಿಲ್ಲ. ಆ ಸಾಲನ್ನು ಹಾಗೇ ಬಿಟ್ಟಿದ್ದೇನೆ, ನೀನೂ ನೋಡು.

ದಾರಿಯಲ್ಲಿ ಜೋಪಾನ, ಮಗಳ ಕೈ ಬಿಡಬೇಡ. ತನಗೆ ಗೊತ್ತಿರುವುದನ್ನು ಮೊದಲನೇ ದಿನವೇ ಗಟ್ಟಿಯಾಗಿ ಹೇಳುವ ಮಗುವಾಗಿ ಅವಳು ಬೆಳೆಯಲಿ ಎಂದು ಹರಸುತ್ತಾ,

ಮೂವತ್ತೊಂದು ಮಕ್ಕಳ ಟೀಚರ್